ಅಮ್ಮನ ಸರದಲ್ಲಿ ಉಳಿದ ಒಂದು ರೂಪಾಯಿ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಂಘದವರು ನನಗೆ ಫೋನ್ ಮಾಡಿದಾಗ, "ನೀವು ಬೆಂಗಳೂರಾಗ ಸಾಫ್ಟ್‌ವೇರ್ ಎಂಜಿನಿಯರ್ ಅದೀರಿ, ಕಂಪ್ಯೂಟರ್ ಬಗ್ಗೆ, ನೌಕರಿ ಬಗ್ಗೆ ನಾಕು ಮಾತು ಹೇಳ್ರಿ" ಅಂದರು. ನೌಕರಿ ಬಗ್ಗೆ ಹೇಳಲು ಇಲ್ಲಿ ನನಗಿಂತ ಬಲ್ಲವರು ಬಹಳ ಮಂದಿ ಇದ್ದಾರೆ. ಆದ್ದರಿಂದ ನಾನು ಅವರ ಒಪ್ಪಿಗೆ ಪಡೆದು ಬೇರೆ ವಿಷಯ ತಂದಿದ್ದೇನೆ. ಅದು ಇಲ್ಲಿ, ನನ್ನ ಅಂಗಿಯ ಜೇಬಿನಲ್ಲಿದೆ. ಎರಡು ನಾಣ್ಯ. ಒಂದು ತೂತಿನ ಬಿಲ್ಲಿ, ಇನ್ನೊಂದು ಒಂದು ರೂಪಾಯಿ. ಇವತ್ತು ನಾನು ಮಾತಾಡುವುದೆಲ್ಲ ಇವೆರಡರ ಬಗ್ಗೆಯೇ.

ಮೊದಲು ತೂತಿನ ಬಿಲ್ಲಿಯ ವಿಷಯ. ಹಿರಿಯರಿಗೆ ಇದನ್ನು ತೋರಿಸಬೇಕಾಗಿಲ್ಲ. ನಮ್ಮ ಕಡೆ ಕೂಸುಗಳ ಉಡದಾರಕ್ಕೆ ಇದನ್ನು ಕಟ್ಟುತ್ತಿದ್ದರು. ನನ್ನ ಉಡದಾರಕ್ಕೂ ಕಟ್ಟಿದ್ದರು. ನಾನು 9ನೇ ತರಗತಿಯಲ್ಲಿದ್ದಾಗ ನಮ್ಮ ಸಮಾಜ ವಿಜ್ಞಾನದ ಗುರುಗಳು, ಅವರು ಇವತ್ತು ಈ ವೇದಿಕೆಯ ಮೇಲೇ ಇದ್ದಾರೆ, "ನಾಳೆ ಎಲ್ಲಾರೂ ಮನ್ಯಾಗಿಂದ ಒಂದು ಹಳೇ ವಸ್ತು ತರ್ರಿ" ಅಂದರು. ಒಬ್ಬ ಹಳೆಯ ಸೇರು ತಂದ, ಒಬ್ಬಳು ಅಜ್ಜಿಯ ಕುಂಕುಮದ ಭರಣಿ ತಂದಳು, ಒಬ್ಬ ನೇಗಿಲ ಕುಳ ಹೊತ್ತು ತಂದು ಎಲ್ಲರನ್ನೂ ನಗಿಸಿದ. ನಾನು ಈ ಬಿಲ್ಲಿ ಒಯ್ದೆ. ಗುರುಗಳು ಅದನ್ನು ಕೈಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ನೋಡಿ ಕೇಳಿದರು: "ಇದಕ್ಕ ತೂತು ಯಾಕ ಐತಿ?"

ಯಾರಿಗೂ ಗೊತ್ತಿರಲಿಲ್ಲ. ಮನೆಯಲ್ಲಿ ಕೇಳಿಕೊಂಡು ಬನ್ನಿ ಎಂದರು. ಮರುದಿನ ತರಗತಿಯಲ್ಲಿ ಹತ್ತು ಉತ್ತರ ಬಂದವು. ದಾರಕ್ಕೆ ಪೋಣಿಸಲು ಅಂದ ಒಬ್ಬ. ಇಂಗ್ಲಿಷರು ನಡುವಿನ ತಾಮ್ರ ಕದ್ದೊಯ್ದರು ಅಂದ ಇನ್ನೊಬ್ಬ. ಗುರುಗಳು ನಕ್ಕು, "ಇವನ ಮಾತಿನಾಗ ಅರ್ಧ ಖರೆ ಐತಿ" ಎಂದು ಹೇಳಿ ನಾಣ್ಯದ ಮೇಲಿನ ಇಸವಿ ಓದಿಸಿದರು. 1943. ಎರಡನೇ ಮಹಾಯುದ್ಧದ ಕಾಲ. ಗುಂಡು ತಯಾರಿಸಲು ತಾಮ್ರ ಬೇಕು, ನಾಣ್ಯಕ್ಕೆ ತಾಮ್ರ ಸಾಲದು. ಹಿಂದಿನ ಕಾಲಾಣೆ ಸುಮಾರು 4.86 ಗ್ರಾಂ ತೂಗುತ್ತಿತ್ತು. ಈ ತೂತಿನ ಬಿಲ್ಲಿ 2 ಗ್ರಾಂ. 1943ರಿಂದ 1947ರವರೆಗೆ ಇದು ಅಚ್ಚಾಯಿತು. ಅಂದರೆ ಯುರೋಪಿನಲ್ಲಿ, ಬರ್ಮಾದಲ್ಲಿ ನಡೆದ ಯುದ್ಧ ಹಾನಗಲ್ಲ ತಾಲೂಕಿನ ಒಂದು ಹಳ್ಳಿಯ ಕೂಸಿನ ಉಡದಾರದವರೆಗೆ ಬಂದು ತೂತು ಕೊರೆದಿತ್ತು.

ಆ ದಿನ ನನಗೆ ಇತಿಹಾಸ ಎಂದರೆ ಪರೀಕ್ಷೆಗೆ ಬಾಯಿಪಾಠ ಮಾಡುವ ವಿಷಯ ಅಲ್ಲ ಎಂದು ಮೊದಲ ಸಲ ತಿಳಿಯಿತು. ಗುರುಗಳೇ, ನೀವು ಇದನ್ನು ಮರೆತಿರಬಹುದು. ನಾನು ಮರೆತಿಲ್ಲ.

ಇನ್ನು ಈ ರೂಪಾಯಿಯ ವಿಷಯ. ಇದನ್ನು ಹೇಳುವುದು ನನಗೆ ಸ್ವಲ್ಪ ಕಷ್ಟ.

ನಮ್ಮ ಮನೆಯಲ್ಲಿ ತಾಯಿಗೆ ಅವ್ವ, ಅಜ್ಜಿಗೆ ಅಮ್ಮ ಅನ್ನುತ್ತೇವೆ. ನಮ್ಮ ಅಮ್ಮನ ಹತ್ತಿರ ಒಂದು ರೂಪಾಯಿ ಸರ ಇತ್ತು. ಇಪ್ಪತ್ತೊಂದು ಬೆಳ್ಳಿ ರೂಪಾಯಿ, ಪ್ರತಿಯೊಂದಕ್ಕೂ ಕೊಂಡಿ ಬೆಸೆದು ಕರಿ ದಾರದಲ್ಲಿ ಪೋಣಿಸಿದ್ದು. ಕಾರಹುಣ್ಣಿಮೆಗೆ ಎತ್ತಿನ ಕೊರಳಿಗೂ ಅದನ್ನು ಹಾಕಿ ಮೆರೆಸುತ್ತಿದ್ದರು. ನಾವು ಹುಡುಗರು ಅದರ ಮೇಲಿನ ರಾಣಿಯ ಮುಖ, ಗಡ್ಡದ ರಾಜನ ಮುಖ ಎಣಿಸುತ್ತಿದ್ದೆವು. ಅಮ್ಮ ಒಂದೊಂದನ್ನು ಹಿಡಿದು "ಇದು ನಮ್ಮಪ್ಪ ಹತ್ತಿ ಮಾರಿ ಬಂದಾಗ ಕೊಟ್ಟದ್ದು, ಇದು ಮೊದಲ ಬಾಣಂತನಕ್ಕ ಹೋದಾಗ ತವರಿಗೆ ಬಂದ ಮುಯ್ಯಿ" ಎಂದು ಏನೇನೋ ಹೇಳುತ್ತಿದ್ದಳು. ನಾನು ಅರ್ಧ ಕೇಳಿ ಓಡುತ್ತಿದ್ದೆ.

2006ರಲ್ಲಿ ನನಗೆ ಸಿಇಟಿಯಲ್ಲಿ ಬಿ.ಇ. ಸೀಟು ಸಿಕ್ಕಿತು. ಆ ವರ್ಷ ಬೆಳೆ ಕೈಗೆ ಬಂದಿರಲಿಲ್ಲ. ಒಂದು ಎಮ್ಮೆ ಮಾರಿದೆವು, ಸೊಸೈಟಿಯಲ್ಲಿ ಸಾಲ ತೆಗೆದೆವು. ಆದರೂ ಹಾಸ್ಟೆಲ್ ಫೀಗೆ ನಾಲ್ಕು ಸಾವಿರ ಕಡಿಮೆ ಬಿತ್ತು. ಅಪ್ಪ ಯಾರ ಮುಂದೆಯೂ ಏನೂ ಹೇಳದೆ ಕಟ್ಟೆಯ ಮೇಲೆ ಕೂತಿದ್ದ. ಅಮ್ಮ ಒಳಗೆ ಹೋಗಿ ಸರ ತಂದು ಅಪ್ಪನ ತೊಡೆಯ ಮೇಲಿಟ್ಟು, "ಎತ್ತು ಮಾರಿ ಆತು, ಇನ್ನ ಇದನ್ನ ಯಾರ ಕೊರಳಿಗೆ ಹಾಕೂದೈತಿ? ಹುಡುಗ ಓದಲಿ" ಅಂದಳು.

ಪೇಟೆಗೆ ನಾನೂ ಹೋಗಿದ್ದೆ. ಅಂಗಡಿಯವರು ಕೊಂಡಿಗಳನ್ನು ಕತ್ತರಿಸಿ, ಒಂದೊಂದೇ ರೂಪಾಯಿಯನ್ನು ಕಲ್ಲಿನ ಮೇಲೆ ಬಡಿದು ಸಪ್ಪಳ ಕೇಳಿ ತಕ್ಕಡಿಗೆ ಹಾಕಿದರು. ಇಪ್ಪತ್ತು ತಕ್ಕಡಿಗೆ ಹೋದವು. ಒಂದನ್ನು ಮಾತ್ರ ಪಕ್ಕಕ್ಕೆ ತಳ್ಳಿ, "ಇದು ಬ್ಯಾಡ್ರಿ, ಇದರಾಗ ಬೆಳ್ಳಿ ಕಡಿಮಿ ಐತಿ" ಎಂದರು. ಆ ಬೇಡವಾದ ರೂಪಾಯಿಯನ್ನು ಅಪ್ಪ ಜೇಬಿಗೆ ಹಾಕಿಕೊಂಡ. ಮನೆಗೆ ಬಂದು ಅಮ್ಮನ ಕೈಗೆ ಕೊಟ್ಟಾಗ ಅವಳು ನಕ್ಕು, "ಅವರು ಬ್ಯಾಡ ಅಂದದ್ದ ನಮಗ ಉಳೀತು ನೋಡು" ಎಂದಳು.

ಅದೇ ಇದು. 1944ರ ಆರನೇ ಜಾರ್ಜ್ ರೂಪಾಯಿ.

ಅಂಗಡಿಯವರು ಹೇಳಿದ್ದು ಸುಳ್ಳಾಗಿರಲಿಲ್ಲ ಎಂದು ಮುಂದೆ ಓದಿ ತಿಳಿದೆ. ಹಳೆಯ ಬೆಳ್ಳಿ ರೂಪಾಯಿ ಎಂದರೆ 11.66 ಗ್ರಾಂ, ನೂರಕ್ಕೆ ಸುಮಾರು 92 ಪಾಲು ಬೆಳ್ಳಿ. 1835ರಲ್ಲಿ ಕಂಪನಿ ಸರ್ಕಾರ ತನ್ನ ಆಳ್ವಿಕೆಯ ಸೀಮೆಗೆಲ್ಲ ಒಂದೇ ರೂಪಾಯಿ ತಂದಾಗಿನಿಂದ ಸುಮಾರು ನೂರು ವರ್ಷ ಅದು ಬದಲಾಗಲಿಲ್ಲ. 1940ರಲ್ಲಿ ಮತ್ತೆ ಅದೇ ಮಹಾಯುದ್ಧದ ಕಾರಣ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು. ಉಳಿದದ್ದು ತಾಮ್ರ, ನಿಕ್ಕಲ್, ಸತುವು. ಯುದ್ಧ ಮುಗಿದ ಮೇಲೆ ರೂಪಾಯಿಯಲ್ಲಿ ಬೆಳ್ಳಿಯೇ ಉಳಿಯಲಿಲ್ಲ. ನನ್ನ ಉಡದಾರದ ಬಿಲ್ಲಿಗೆ ತೂತು ಕೊರೆದ ಯುದ್ಧವೇ ಅಮ್ಮನ ಸರದಲ್ಲಿ ಒಂದು ರೂಪಾಯಿಯನ್ನು ಉಳಿಸಿಕೊಟ್ಟಿತು.

ಅಮ್ಮ 2012ರಲ್ಲಿ ತೀರಿಕೊಂಡಳು. ಅದಕ್ಕೂ ಒಂದು ವರ್ಷ ಮೊದಲು, 2011ರ ಜೂನ್ 30ರಿಂದ, ನಾಲ್ಕಾಣೆ ಅಂದರೆ 25 ಪೈಸೆ ಮತ್ತು ಅದಕ್ಕಿಂತ ಕೆಳಗಿನ ನಾಣ್ಯಗಳ ಚಲಾವಣೆ ರದ್ದಾಯಿತು. ಅವತ್ತು ನನ್ನ ರೂಮಿನ ಡಬ್ಬಿಯಲ್ಲಿ ಬಿದ್ದಿದ್ದ ನಾಲ್ಕಾಣೆಗಳನ್ನು ಎಸೆಯಲು ಮನಸ್ಸು ಬರಲಿಲ್ಲ. ಅವನ್ನು ಎತ್ತಿಟ್ಟುಕೊಂಡೆ. ನನ್ನ ಸಂಗ್ರಹ ಶುರುವಾದದ್ದು ಹಾಗೆ. ಈಗ ನನ್ನ ಹತ್ತಿರ ಅರವತ್ತಕ್ಕೂ ಹೆಚ್ಚು ದೇಶಗಳ ನಾಣ್ಯಗಳಿವೆ. ಬೆಲೆಬಾಳುವಂಥವು ಕಡಿಮೆ. "ಇದು ಹೀಗೇಕಿದೆ?" ಎಂಬ ಪ್ರಶ್ನೆ ಹುಟ್ಟಿಸುವಂಥವೇ ಹೆಚ್ಚು.

ಮಕ್ಕಳೇ, ತೂತಿನ ನಾಣ್ಯ ನಮ್ಮಲ್ಲಿ ಮಾತ್ರ ಇತ್ತು ಅಂದುಕೊಳ್ಳಬೇಡಿ. ಚೀನಾದಲ್ಲಿ ಎರಡು ಸಾವಿರ ವರ್ಷ ನಡುವೆ ಚೌಕದ ತೂತಿರುವ ನಾಣ್ಯಗಳು ನಡೆದವು. ಜನ ಅವನ್ನು ದಾರದಲ್ಲಿ ಪೋಣಿಸಿ ಹೆಗಲ ಮೇಲೆ ಹಾಕಿಕೊಂಡು ಸಂತೆಗೆ ಹೋಗುತ್ತಿದ್ದರು. ಜಪಾನಿನಲ್ಲಿ 5 ಯೆನ್ ನಾಣ್ಯಕ್ಕೆ ಈಗಲೂ ತೂತಿದೆ. ಅವರ ಭಾಷೆಯಲ್ಲಿ 'ಗೋ ಎನ್' ಎಂದರೆ ಐದು ಯೆನ್ ಎಂದೂ ಆಗುತ್ತದೆ, ಋಣಾನುಬಂಧ ಎಂಬ ಅರ್ಥವೂ ಬರುತ್ತದೆ. ಅದಕ್ಕೇ ದೇವಸ್ಥಾನದ ಹುಂಡಿಗೆ ಅದನ್ನೇ ಹಾಕುತ್ತಾರೆ. ನನ್ನ ಜೊತೆ ಕೆಲಸ ಮಾಡಿದ ಜಪಾನಿ ಗೆಳೆಯನೊಬ್ಬ ಊರಿಗೆ ಮರಳುವಾಗ ಒಂದು ಐದು ಯೆನ್ ಕೈಗಿಟ್ಟು ಹೋದ. ನಾನು ಅವನಿಗೆ ಒಂದು ತೂತಿನ ಬಿಲ್ಲಿ ಕೊಟ್ಟೆ.

ಸ್ವೀಡನ್ನಿನಲ್ಲಿ ತಾಮ್ರ ಯಥೇಚ್ಛ, ಬೆಳ್ಳಿ ಕಡಿಮೆ. ಹಾಗಾಗಿ 1644ರಲ್ಲಿ ಬೆಳ್ಳಿಯ ಬೆಲೆಗೆ ಸಮನಾಗುವಷ್ಟು ತಾಮ್ರದ ತಗಡನ್ನೇ ಹಣವಾಗಿ ಮಾಡಿದರು. 10 ಡಾಲರ್‌ನ ಒಂದು ತಗಡು 19 ಕಿಲೋಗಿಂತ ಹೆಚ್ಚು ತೂಗುತ್ತಿತ್ತು! ಅದನ್ನು ಜೇಬಿನಲ್ಲಿಟ್ಟರೆ ಅಂಗಿಯ ಗತಿ ಏನು? ಮುಂದೆ ಅಲ್ಲಿಯೇ, 1661ರಲ್ಲಿ, ಯುರೋಪಿನ ಮೊದಲ ಬ್ಯಾಂಕ್ ನೋಟುಗಳು ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ.

ಪೆಸಿಫಿಕ್ ಸಾಗರದ ಯಾಪ್ ದ್ವೀಪದಲ್ಲಿ ಹಣ ಎಂದರೆ ನಮ್ಮ ಬೀಸುವ ಕಲ್ಲಿನಂತೆ ನಡುವೆ ತೂತಿರುವ ಕಲ್ಲಿನ ಚಕ್ರ. ಕೆಲವು ಆಳೆತ್ತರಕ್ಕಿಂತ ದೊಡ್ಡವು. ಅವು ಇದ್ದಲ್ಲೇ ಇರುತ್ತವೆ. "ಇವತ್ತಿನಿಂದ ಈ ಕಲ್ಲು ಅವನದು" ಎಂದು ಊರೆಲ್ಲ ಒಪ್ಪಿದರೆ ವ್ಯವಹಾರ ಮುಗಿಯಿತು. ದೋಣಿಯಲ್ಲಿ ತರುವಾಗ ಸಮುದ್ರದಲ್ಲಿ ಮುಳುಗಿಹೋದ ಒಂದು ಕಲ್ಲನ್ನೂ ಅದರ ಒಡೆಯನ ಆಸ್ತಿ ಎಂದೇ ಜನ ಎಣಿಸುತ್ತಿದ್ದರಂತೆ. ಕೇಳಿ ನಗಬೇಡಿ. ನಮ್ಮಲ್ಲಿ 10 ರೂಪಾಯಿಯ ನಾಣ್ಯ ಕೊಟ್ಟರೆ "ಇದು ನಡಿಯೂದಿಲ್ರಿ" ಎನ್ನುವ ಅಂಗಡಿಗಳು ಎಷ್ಟಿಲ್ಲ? ಹದಿನಾಲ್ಕು ವಿನ್ಯಾಸಗಳ 10 ರೂಪಾಯಿ ನಾಣ್ಯಗಳಿವೆ, ಎಲ್ಲವೂ ನಡೆಯುತ್ತವೆ ಎಂದು ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿದೆ. ಅಲ್ಲಿ ಸಮುದ್ರದ ತಳದ ಕಲ್ಲು ನಡೆಯುತ್ತದೆ, ಇಲ್ಲಿ ಕೈಯಲ್ಲಿರುವ ಸರ್ಕಾರದ ನಾಣ್ಯ ನಡೆಯುವುದಿಲ್ಲ! ಹಣ ಎಂದರೆ ಲೋಹಕ್ಕಿಂತ ಹೆಚ್ಚಾಗಿ ಜನರ ನಂಬಿಕೆ ಎನ್ನಲು ಬೇರೆ ಪಾಠ ಬೇಕಿಲ್ಲ.

ನಮ್ಮ ಪೈಸೆಗಳನ್ನೇ ನೋಡಿ. 1957ರ ಏಪ್ರಿಲ್ 1ಕ್ಕೆ ಮೊದಲು ರೂಪಾಯಿಗೆ 16 ಆಣೆ, 64 ಪೈಸೆ, 192 ಪೈ. ಆ ದಿನದಿಂದ ನೂರು ನಯಾಪೈಸೆ. ಐದು ಪೈಸೆ ಚೌಕ, ಎರಡು ಪೈಸೆ, ಹತ್ತು ಪೈಸೆ ಹೂವಿನ ಎಸಳಿನಂಥ ಅಂಚು, ಮುಂದೆ ಬಂದ ಮೂರು ಪೈಸೆ ಆರು ಮೂಲೆ. ಅಕ್ಷರ ಬಾರದವರು, ಕಣ್ಣು ಮಂಜಾದವರು ಕೂಡ ಕತ್ತಲಲ್ಲಿ ಬೆರಳಿನಿಂದ ಮುಟ್ಟಿ ಹೇಳಬಹುದಿತ್ತು. ನಮ್ಮ ಅಮ್ಮ ಸಹಿ ಮಾಡಲು ಬಾರದವಳು. ಆದರೆ ಸೀರೆಯ ಗಂಟಿನಲ್ಲಿ ಕೈಯಾಡಿಸಿ ಬೇಕಾದ ಪೈಸೆಯನ್ನೇ ತೆಗೆಯುತ್ತಿದ್ದಳು.

ನಮ್ಮ ಮಾತಿನಲ್ಲೇ ಎಷ್ಟು ನಾಣ್ಯಗಳು ಅಡಗಿವೆ! "ಕವಡೆ ಕಾಸಿನ ಕಿಮ್ಮತ್ತಿಲ್ಲ" ಅನ್ನುತ್ತೇವೆ. ಕವಡೆ ನಿಜವಾಗಿಯೂ ಹಣವಾಗಿತ್ತು. ಮಾಲ್ಡೀವ್ಸ್ ದ್ವೀಪಗಳಿಂದ ಬಂಗಾಳಕ್ಕೂ, ಅಲ್ಲಿಂದಾಚೆ ಪಶ್ಚಿಮ ಆಫ್ರಿಕಾಕ್ಕೂ ಹಡಗು ತುಂಬಿ ಹೋಗುತ್ತಿತ್ತು. ಇಂಗ್ಲಿಷರು ನಗದಿಗೆ ಕ್ಯಾಶ್ ಅನ್ನುವಂತೆ ನಮ್ಮ ಕಡೆಯ ಚಿಲ್ಲರೆ ನಾಣ್ಯಕ್ಕೂ ಕ್ಯಾಶ್ ಅಂದರು; ಈ ಎರಡನೆಯದು ನಮ್ಮ 'ಕಾಸು'. 'ಹಣ' ಎನ್ನುವುದೇ ಒಂದು ಸಣ್ಣ ಚಿನ್ನದ ನಾಣ್ಯದ ಹೆಸರು, ಶಾಸನಗಳ 'ಪಣ'. ಹತ್ತು ಪಣಕ್ಕೆ ಒಂದು ಗದ್ಯಾಣ, ಪಣದ ಕಾಲು ಪಾಲು ಹಾಗ, ಹದಿನಾರನೇ ಪಾಲು ವೀಸ. ನಮ್ಮ ಸುತ್ತಲಿನ ಗುಡಿಗಳ ಶಾಸನಗಳಲ್ಲಿ ದೀಪದ ಎಣ್ಣೆಗೆ, ಕೆರೆಯ ದುರಸ್ತಿಗೆ ಇಷ್ಟು ಗದ್ಯಾಣ, ಇಷ್ಟು ಪಣ ಕೊಟ್ಟರು ಎಂದು ಬರೆದಿರುವುದು ಇದೇ. ಗದಗದ ಹತ್ತಿರದ ಲಕ್ಕುಂಡಿ, ಆಗಿನ ಲೊಕ್ಕಿಗುಂಡಿ, ತನ್ನ ಟಂಕಸಾಲೆಯಿಂದಾಗಿ 'ಲೊಕ್ಕಿ ಗದ್ಯಾಣ' ಎಂಬ ಹೆಸರನ್ನೇ ಕೊಟ್ಟಿತು.

ನಮ್ಮ ಹಾನಗಲ್ಲಿಗೆ ಆಗ ಪಾನುಂಗಲ್ ಎಂದು ಹೆಸರು. ಇಲ್ಲಿ ಆಳಿದ ಕದಂಬರ ಧ್ವಜದಲ್ಲಿ ವಾನರ ಇತ್ತು. ಹನುಮಂತನ ಚಿತ್ರವಿರುವ ಕೆಲವು ಚಿನ್ನದ ನಾಣ್ಯಗಳನ್ನು ನಾಣ್ಯತಜ್ಞರು ಇವರದೇ ಎಂದು ಗುರುತಿಸಿದ್ದಾರೆ. ಇಂಥ ನಮ್ಮ ನಾಣ್ಯಗಳನ್ನು ಕೂಡಿಸಿ ದೊಡ್ಡ ಪುಸ್ತಕ ಬರೆದವನು ಯಾರು ಗೊತ್ತೇ? 1824ರಲ್ಲಿ ಕಿತ್ತೂರಿನಲ್ಲಿ ರಾಣಿ ಚೆನ್ನಮ್ಮನ ಸೈನ್ಯದ ಕೈಗೆ ಸೆರೆಸಿಕ್ಕ ಇಬ್ಬರು ಇಂಗ್ಲಿಷ್ ಅಧಿಕಾರಿಗಳಲ್ಲಿ ಒಬ್ಬ, ವಾಲ್ಟರ್ ಎಲಿಯಟ್. ಬಿಡುಗಡೆಯಾದ ಮೇಲೆ ಅವನು ನಮ್ಮ ಸೀಮೆಯ ಊರೂರು ತಿರುಗಿ ನೂರಾರು ಕನ್ನಡ ಶಾಸನಗಳ ಪ್ರತಿ ಮಾಡಿಸಿದ, ನಾಣ್ಯ ಕೂಡಿಸಿದ. ದಕ್ಷಿಣ ಭಾರತದ ನಾಣ್ಯಗಳ ಬಗ್ಗೆ ಅವನ ಪುಸ್ತಕ 1886ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಮನೆಯವರು ಬೆಳ್ಳಿಯ ತೂಕಕ್ಕೆ ಮಾರುವುದನ್ನು ಸೆರೆಯಾಳಾಗಿದ್ದವನು ಓದಲು ಕಲಿತ. ಇದು ನಾವು ಯೋಚನೆ ಮಾಡಬೇಕಾದ ಮಾತು.

ಈಗ ನನ್ನನ್ನು ಬಹಳ ಕಾಡಿದ ವಿಷಯಕ್ಕೆ ಬರುತ್ತೇನೆ. ನಮ್ಮದೇ ತಾಲೂಕಿನ ಅಕ್ಕಿಆಲೂರು ಎಲ್ಲರಿಗೂ ಗೊತ್ತು. ಸಂತೆಗೆ ಹೋಗಿದ್ದೇವೆ, ಬಸ್ಸು ಬದಲಿಸಿದ್ದೇವೆ. ಅದೇ ಅಕ್ಕಿಆಲೂರಿನಲ್ಲಿ ರೋಮ್ ಸಾಮ್ರಾಜ್ಯದ ಚಿನ್ನದ ನಾಣ್ಯಗಳ ಒಂದು ನಿಧಿ ಸಿಕ್ಕಿದೆ ಎಂದು ನಾನು ಓದಿದ್ದು ಬೆಂಗಳೂರಿನಲ್ಲಿ ಕೂತು, ಪರದೇಶದವರು ಬರೆದ ಒಂದು ಪುಸ್ತಕದಲ್ಲಿ! ನಲವತ್ತಕ್ಕೂ ಹೆಚ್ಚು ನಾಣ್ಯ. ಕೆಲವು ಹಳೆಯ ರೋಮನ್ ಚಕ್ರವರ್ತಿಗಳ ಕಾಲದವು, ಹೆಚ್ಚಿನವು ಕಾನ್‌ಸ್ಟಾಂಟಿನೋಪಲ್‌ನಿಂದ, ಅಂದರೆ ಇಂದಿನ ಇಸ್ತಾನ್‌ಬುಲ್ ನಗರದಿಂದ ಆಳಿದ ಅರಸರವು. ಅವುಗಳಲ್ಲಿ ಕೊನೆಯವು 518ರಿಂದ 527ರವರೆಗೆ ಆಳಿದ ಒಂದನೇ ಜಸ್ಟಿನ್‌ನ ಕಾಲದವು. ನಮ್ಮಲ್ಲಿ ಆಗ ಬನವಾಸಿಯ ಕದಂಬರ ಕೊನೆಯ ದಿನಗಳು.

ಆ ಚಿನ್ನ ಇಲ್ಲಿಗೆ ಹೇಗೆ ಬಂತು? ಮೆಣಸು, ಬಟ್ಟೆ, ಮುತ್ತು-ಮಣಿಗಳ ವ್ಯಾಪಾರದಿಂದ. ನಮ್ಮ ಸರಕಿಗೆ ಬದಲಾಗಿ ವರ್ಷವರ್ಷವೂ ಚಿನ್ನ-ಬೆಳ್ಳಿ ಭಾರತಕ್ಕೆ ಹರಿದುಹೋಗುತ್ತಿದೆ ಎಂದು ಪ್ಲಿನಿ ಎಂಬ ರೋಮನ್ ಬರಹಗಾರ ಒಂದನೇ ಶತಮಾನದಲ್ಲೇ ದೂರಿದ್ದಾನೆ. ಆರನೇ ಶತಮಾನದ ಕಾಸ್ಮಸ್ ಎಂಬ ವ್ಯಾಪಾರಿ ಒಂದು ಸ್ವಾರಸ್ಯದ ಪ್ರಸಂಗ ಬರೆದಿದ್ದಾನೆ. ಶ್ರೀಲಂಕಾದ ಅರಸನ ಮುಂದೆ ರೋಮಿನವನಿಗೂ ಪರ್ಷಿಯಾದವನಿಗೂ "ನಮ್ಮ ರಾಜ ದೊಡ್ಡವ, ನಮ್ಮ ರಾಜ ದೊಡ್ಡವ" ಎಂದು ವಾದ ಹತ್ತಿತು. ರೋಮಿನವನು, "ಇಬ್ಬರ ರಾಜರೂ ಇಲ್ಲೇ ಇದ್ದಾರೆ, ನೀವೇ ನೋಡಿ" ಎಂದು ತನ್ನ ಚಿನ್ನದ ನಾಣ್ಯವನ್ನೂ ಪರ್ಷಿಯಾದವನ ಬೆಳ್ಳಿ ನಾಣ್ಯವನ್ನೂ ಮುಂದಿಡಲು ಹೇಳಿದನಂತೆ. ಅರಸ ಚಿನ್ನವನ್ನು ನೋಡಿ ತೀರ್ಪು ಕೊಟ್ಟ.

ಆದರೆ ನನ್ನನ್ನು ಕಾಡಿದ್ದು ಚಿನ್ನವಲ್ಲ. ದಕ್ಷಿಣ ಭಾರತದಲ್ಲಿ ಸಿಕ್ಕ ಈ ಕಾಲದ ನಾಣ್ಯಗಳಲ್ಲಿ ಬಹಳಷ್ಟಕ್ಕೆ, ಅರಸನ ತಲೆಯ ಮೇಲ್ಗಡೆ, ಅಕ್ಕಪಕ್ಕ ಎರಡು ಸಣ್ಣ ತೂತುಗಳಿವೆ. ಟಂಕಸಾಲೆಯವರು ಕೊರೆದ ತೂತಲ್ಲ ಅವು. ಇಲ್ಲಿಯವರು ದಾರ ಪೋಣಿಸಲು ಕೊರೆದದ್ದು. ಅದನ್ನು ಓದಿದ ರಾತ್ರಿ ನನಗೆ ಅಮ್ಮನ ರೂಪಾಯಿ ಸರ ಕಣ್ಣ ಮುಂದೆ ಬಂತು. ಸಾವಿರದ ಐನೂರು ವರ್ಷದ ಹಿಂದೆಯೂ ದೂರ ದೇಶದ ರಾಜನ ನಾಣ್ಯ ನಮ್ಮ ಸೀಮೆಯಲ್ಲಿ ಯಾರದೋ ಕೊರಳಲ್ಲಿತ್ತು. ಇಂಗ್ಲೆಂಡಿನ ರಾಣಿ ನಮ್ಮ ಅಮ್ಮನ ಕೊರಳಲ್ಲಿದ್ದಂತೆ. ನಮ್ಮ ತಾಯಂದಿರು ಹಾಕುವ ಪುತಳಿ ಸರವನ್ನೇ ನೋಡಿ. ಇಟಲಿಯ ವೆನಿಸ್ ನಗರ 1284ರಿಂದ 1797ರವರೆಗೆ ಅಚ್ಚುಹಾಕಿದ ಚಿನ್ನದ ಡುಕಾಟಿನ ಮೇಲೆ ಒಬ್ಬ ಸಂತ ನಿಂತಿರುತ್ತಾನೆ, ನಗರದ ಮುಖ್ಯಸ್ಥ ಮಂಡಿಯೂರಿರುತ್ತಾನೆ. ಅದು ಇಲ್ಲಿಗೆ ಬಂದಾಗ ನಮ್ಮ ಜನರಿಗೆ ಎರಡು ಗೊಂಬೆ ಕಂಡವು. ಗೊಂಬೆ ಎಂದರೆ ಪುತ್ಥಳಿ. ಅದೇ ಪುತಳಿಯಾಗಿ, ಅಕ್ಕಸಾಲಿಗರ ಕೈಯಲ್ಲಿ ನಮ್ಮದೇ ಒಡವೆಯಾಯಿತು. ಸವಣೂರಿನ ಕಲ್ಮಠದ ದೊಡ್ಡಹುಣಸೆ ಮರಗಳು ಆಫ್ರಿಕಾದ ಮೂಲದವಾದರೂ ಸವಣೂರಿನವೇ ಆಗಿಲ್ಲವೇ, ಹಾಗೆ.

ಆದ್ದರಿಂದ ಪ್ರಪಂಚದ ನಾಣ್ಯ ಕೂಡಿಸಲು ಪ್ರಪಂಚ ತಿರುಗಬೇಕಿಲ್ಲ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳ ಮನೆಗಳ ಟ್ರಂಕು, ದೇವರ ಜಗಲಿ, ಅಜ್ಜಿಯರ ಎಲೆ-ಅಡಿಕೆ ಸಂಚಿ ಹುಡುಕಿದರೆ ಸಾಕು.

ನಾನು ಮಾಡಿದ ತಪ್ಪುಗಳನ್ನೂ ಹೇಳಬೇಕು. ಸವಣೂರಿನ ಗೆಳೆಯನೊಬ್ಬ ತನ್ನ ಮನೆಯಲ್ಲಿದ್ದ ಟಿಪ್ಪು ಸುಲ್ತಾನನ ಕಾಲದ ಆನೆ ಚಿತ್ರದ ತಾಮ್ರದ ಕಾಸು ಕೊಟ್ಟಿದ್ದ. ನಮ್ಮ ಧಾರವಾಡದಲ್ಲೂ ಟಿಪ್ಪುವಿನ ಟಂಕಸಾಲೆ ಇತ್ತು. ನಾಣ್ಯಗಳ ಮೇಲೆ ಧಾರವಾಡಕ್ಕೆ ಖುರ್ಷೀದ್ ಸವಾದ್ ಎಂದು ಹೆಸರು. ಇದು ಅಲ್ಲಿಯದೇ ಇರಬಹುದೆಂಬ ಆಸೆಯಿಂದ ಅಕ್ಷರ ಕಾಣಲಿ ಎಂದು ಹುಣಸೆಹುಳಿ, ಪಾತ್ರೆ ತಿಕ್ಕುವ ಪುಡಿ ಹಾಕಿ ತಿಕ್ಕಿದೆ. ನಾಣ್ಯ ಥಳಥಳಿಸಿತು, ಅಕ್ಷರ ಹೋಯಿತು. ಇನ್ನೂರು ವರ್ಷ ಮಣ್ಣು-ಗಾಳಿ ಮಾಡದ ಕೆಲಸವನ್ನು ನಾನು ಹತ್ತು ನಿಮಿಷದಲ್ಲಿ ಮಾಡಿದೆ. ಹಳೆಯ ನಾಣ್ಯವನ್ನು ದಯವಿಟ್ಟು ತಿಕ್ಕಬೇಡಿ. ಅಂಚು ಹಿಡಿದು ನೋಡಿ, ಒಣಗಿದ ಕಾಗದದ ಲಕೋಟೆಯಲ್ಲಿಡಿ.

ಎರಡನೆಯದು, ಮೋಸ. 1818 ಎಂದು ಇಸವಿ ಬರೆದು, ಒಂದು ಕಡೆ ಕಂಪನಿಯ ಹೆಸರು, ಇನ್ನೊಂದು ಕಡೆ ರಾಮ-ಸೀತೆ-ಹನುಮಂತ ಇರುವ ತಾಮ್ರದ ಬಿಲ್ಲೆಯನ್ನು ನಾನು ಒಳ್ಳೆಯ ರೊಕ್ಕ ಕೊಟ್ಟು ಕೊಂಡೆ. ಅದು ನಾಣ್ಯವೇ ಅಲ್ಲ, ಈಚೆಗೆ ಮಾಡಿದ ಬಿಲ್ಲೆ. ಅದು ಅಕ್ಕಿಯನ್ನು ಎಳೆಯುತ್ತದೆ, ಮನೆಗೆ ಲಕ್ಷ್ಮಿ ತರುತ್ತದೆ ಎಂದು ಹೇಳಿ ಲಕ್ಷಗಟ್ಟಲೆ ಟೋಪಿ ಹಾಕುವವರಿದ್ದಾರೆ. ದಿನವಿಡೀ ಬೇರೆಯವರ ಪ್ರೋಗ್ರಾಮಿನ ತಪ್ಪು ಹುಡುಕುವ ನಾನೇ ಮೋಸಹೋದೆ. ಅದಕ್ಕಿಂತ ನೋವಿನ ಸಂಗತಿ, ಹಿರೇಕೆರೂರು ಕಡೆಯ ನಮ್ಮ ಸಂಬಂಧಿಕರೊಬ್ಬರಿಗೆ "ನಿಮ್ಮ ಟ್ರ್ಯಾಕ್ಟರ್ ಚಿತ್ರದ 5 ರೂಪಾಯಿ ನೋಟಿಗೆ ಐದು ಲಕ್ಷ ಕೊಡುತ್ತೇವೆ" ಎಂದು ಫೋನ್ ಬಂತು. ಮೊದಲು ನೋಂದಣಿ ಫೀ, ಆಮೇಲೆ ತೆರಿಗೆ, ಆಮೇಲೆ ಕಮಿಷನ್ ಎಂದು ಕಟ್ಟಿಸಿಕೊಂಡರು. ಮೆಣಸಿನಕಾಯಿ ಮಾರಿದ ರೊಕ್ಕ ಹೋಯಿತು. ನಾಚಿಕೆಯಿಂದ ಆರು ತಿಂಗಳು ಮನೆಯಲ್ಲಿ ಹೇಳಿರಲಿಲ್ಲ. ಇಂಥ ವ್ಯವಹಾರಕ್ಕೂ ತನಗೂ ಸಂಬಂಧವಿಲ್ಲ, ಯಾವ ಶುಲ್ಕವನ್ನೂ ತಾನು ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಎಚ್ಚರಿಸಿದೆ. ಮಕ್ಕಳೇ, ಇದನ್ನು ಇವತ್ತೇ ಮನೆಯಲ್ಲಿ ಓದಿ ಹೇಳಿ. ಕೊಳ್ಳುವವನು ರೊಕ್ಕ ಕೊಡಬೇಕು, ಕೇಳಬಾರದು. ಅಷ್ಟು ನೆನಪಿದ್ದರೆ ಸಾಕು.

ಮೂರನೆಯದು, ಕಾನೂನು. ಹೊಲ ಉಳುವಾಗ, ಪಾಯ ತೆಗೆಯುವಾಗ ನೆಲದಲ್ಲಿ ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಲೇಬೇಕು. ಕರ್ನಾಟಕದಲ್ಲಿ ಅದಕ್ಕೆ 1962ರ ನಿಧಿ ಕಾಯ್ದೆ ಇದೆ. ನೂರು ವರ್ಷಕ್ಕಿಂತ ಹಳೆಯ ನಾಣ್ಯಗಳು 1972ರ ಕಾಯ್ದೆಯಂತೆ ಪುರಾವಸ್ತುಗಳು, ಅವನ್ನು ಖಾಸಗಿಯವರು ಪರದೇಶಕ್ಕೆ ಕಳಿಸುವಂತಿಲ್ಲ. ಇದು ಅಂಜಿಸುವ ಮಾತಲ್ಲ. ನಾಣ್ಯ ಸಿಕ್ಕ ಜಾಗ, ಪಕ್ಕದಲ್ಲಿದ್ದ ಮಡಕೆ, ಜೊತೆಗಿದ್ದ ಬೇರೆ ನಾಣ್ಯ ಎಲ್ಲ ಸೇರಿದರೆ ಮಾತ್ರ ಅದು ಮಾತಾಡುತ್ತದೆ. ಅಕ್ಕಿಆಲೂರಿನ ನಾಣ್ಯಗಳು ಕರಗಿ ಹೋಗಿದ್ದರೆ ನಮ್ಮ ತಾಲೂಕಿಗೂ ಕಾನ್‌ಸ್ಟಾಂಟಿನೋಪಲ್‌ಗೂ ಇದ್ದ ನಂಟು ಇವತ್ತು ಯಾರಿಗೆ ಗೊತ್ತಿರುತ್ತಿತ್ತು? ಶಿಗ್ಗಾವಿ ತಾಲೂಕಿನ ಬಾಡದ ತಿಮ್ಮಪ್ಪನಾಯಕನಿಗೆ ಏಳು ಕೊಪ್ಪರಿಗೆ ಹೊನ್ನು ಸಿಕ್ಕು ಕನಕನಾಯಕನಾದ ಎಂದು ನಮ್ಮ ಹಿರಿಯರು ಹೇಳುತ್ತಾರೆ. ಅವನು ಅದನ್ನು ದೇವರ ಕೆಲಸಕ್ಕೆ ಸುರಿದ. ಹೊನ್ನು ಉಳಿಯಲಿಲ್ಲ, ಕನಕದಾಸರ ಹೆಸರು ಉಳಿಯಿತು.

ಇನ್ನು ನನ್ನ ಮನಸ್ಸಿನ ಮಾತು ಹೇಳಿ ಮುಗಿಸುತ್ತೇನೆ.

ಅಮ್ಮನ ಇಪ್ಪತ್ತು ರೂಪಾಯಿ ಮಾರಿದ್ದಕ್ಕೆ ನನಗೆ ದುಃಖವಿಲ್ಲ. ಕೊಂಡಿ ಬೆಸೆದ ರೂಪಾಯಿಗೆ ಸಂಗ್ರಹಕಾರರು ಕೊಡುವ ಬೆಲೆಯೂ ಹೆಚ್ಚುಕಡಿಮೆ ಬೆಳ್ಳಿಯ ಬೆಲೆಯೇ. ಅವು ಹೋಗಬೇಕಾದ ಕಡೆಗೇ ಹೋದವು. ಇವತ್ತು ನಾನು ಇಲ್ಲಿ ನಿಂತು ಮಾತಾಡುತ್ತಿರುವುದು ಅವುಗಳಿಂದ. ನನಗೆ ಇರುವ ದುಃಖ ಬೇರೆ. ಆ ಇಪ್ಪತ್ತರ ಇಸವಿ ನಾನು ಬರೆದಿಡಲಿಲ್ಲ. ಯಾವುದನ್ನು ಯಾರು ಕೊಟ್ಟರು, ಯಾವ ಬೆಳೆ ಮಾರಿದಾಗ ಬಂತು, ಯಾವ ಬರಗಾಲದಲ್ಲೂ ಯಾವುದನ್ನು ಬಿಡಲಿಲ್ಲ ಎಂದು ಕೇಳಲಿಲ್ಲ. ಅಮ್ಮ ಹೇಳುತ್ತಲೇ ಇದ್ದಳು. ಕಲಿತವನು ನಾನು, ನನ್ನ ಕೈಯಲ್ಲಿ ಪೆನ್ನಿತ್ತು, ಮುಂದೆ ಲ್ಯಾಪ್‌ಟಾಪೂ ಬಂತು. ಬರೆದುಕೊಳ್ಳಲಿಲ್ಲ. ಪ್ರಪಂಚದ ಅರವತ್ತು ದೇಶಗಳ ನಾಣ್ಯದ ವಿವರ ನನ್ನ ಕಂಪ್ಯೂಟರಿನಲ್ಲಿದೆ. ನನ್ನ ಮನೆಯ ಇಪ್ಪತ್ತು ರೂಪಾಯಿಯ ವಿವರ ಇಲ್ಲ.

ಅದಕ್ಕಾಗಿ ಇವತ್ತು ಶಾಲೆಗೆ ಒಂದು ಸಣ್ಣ ಗಾಜಿನ ಪೆಟ್ಟಿಗೆಯನ್ನೂ ಒಂದು ದಪ್ಪ ರಿಜಿಸ್ಟರನ್ನೂ ತಂದಿದ್ದೇನೆ. ಪೆಟ್ಟಿಗೆಯಲ್ಲಿ ನನ್ನ ಬಳಿ ಎರಡೆರಡು ಇದ್ದ ನಾಣ್ಯಗಳಲ್ಲಿ ಮೂವತ್ತು ದೇಶಗಳ ನಾಣ್ಯ ಇಟ್ಟಿದ್ದೇನೆ. ಪೆಟ್ಟಿಗೆಗಿಂತ ರಿಜಿಸ್ಟರ್ ಮುಖ್ಯ. ಮಕ್ಕಳು ಮನೆಯಿಂದ ನಾಣ್ಯ ತಂದುಕೊಡಬೇಕಾಗಿಲ್ಲ. ನಾಣ್ಯ ಮನೆಯಲ್ಲೇ ಇರಲಿ. ಅದರ ಇಸವಿ, ಅದು ಮನೆಗೆ ಹೇಗೆ ಬಂತು, ಅಜ್ಜ-ಅಜ್ಜಿ ಏನು ಹೇಳಿದರು, ಇಷ್ಟನ್ನು ಅವರ ಮಾತಿನಲ್ಲೇ ಬರೆದರೆ ಸಾಕು. ವರ್ಷಕ್ಕೆ ಐವತ್ತು ಮನೆಯ ಕಥೆ ಬಂದರೂ, ಶಾಲೆಗೆ ನೂರು ವರ್ಷ ತುಂಬುವ ಹೊತ್ತಿಗೆ ಅಂಥ ಇತಿಹಾಸದ ಪುಸ್ತಕ ಯಾವ ಲೈಬ್ರರಿಯಲ್ಲೂ ಇರುವುದಿಲ್ಲ.

ರಿಜಿಸ್ಟರಿನ ಒಂದನೇ ನಂಬರು ನಾನೇ ಬರೆದಿದ್ದೇನೆ. 1943ರ ತೂತಿನ ಬಿಲ್ಲಿ. ಅದನ್ನು ಮಾತ್ರ ಪೆಟ್ಟಿಗೆಗೇ ಕೊಡುತ್ತಿದ್ದೇನೆ, ಅದು ಈ ಶಾಲೆಯದು. ನನ್ನ ಗುರುಗಳು ತಮ್ಮ ಕೈಯಿಂದ ಅದನ್ನು ಪೆಟ್ಟಿಗೆಯಲ್ಲಿ ಇಡಬೇಕೆಂದು ಕೇಳಿಕೊಳ್ಳುತ್ತೇನೆ. ಇನ್ನೊಂದನ್ನು, ಅಂಗಡಿಯವರು ಬೇಡ ಅಂದ ಆ ರೂಪಾಯಿಯನ್ನು, ಕ್ಷಮಿಸಿ, ನಾನು ಮನೆಗೆ ಒಯ್ಯುತ್ತೇನೆ. ನನ್ನ ಮಗಳಿಗೆ ಈಗ ಆರು ವರ್ಷ. ಮೊನ್ನೆ ಅದನ್ನು ಕೈಯಲ್ಲಿ ಹಿಡಿದು, "ಅಪ್ಪಾ, ಇದಕ್ಕೆ ಇಲ್ಲಿ ಏನೋ ಅಂಟಿಕೊಂಡಿತ್ತಲ್ಲ, ಏನದು?" ಎಂದು ಕೇಳಿದಳು. ಕತ್ತರಿಸಿದ ಕೊಂಡಿಯ ಗುರುತು ಅದು. ನನಗೆ ಗೊತ್ತಿದ್ದಷ್ಟು ಹೇಳಿದೆ.

 ನನಗೆ ಅಕ್ಷರ ಕೊಟ್ಟ ಈ ಶಾಲೆ ನೂರ್ಕಾಲ ಬಾಳಲಿ.

ಜೈ ಹಿಂದ್, ಜೈ ಕರ್ನಾಟಕ.